ಹಾಸನದ ಉಲಿಗಳು

ಬೆಳಿಗ್ಗೆಯಿಂದ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ‘ಹೊಳೆನರಸೀಪುರ’ ಎಂದು ಮೈಕಿಗೆ ಹೇಳಿ ಗುಂಡಿಯ ಮೇಲಿನ ಬೆರಳು ತೆಗೆದಾಗ, ಆ ಊರಿನ ಮೊದಲ ಅಕ್ಷರಕ್ಕೆ ತಾನು ಬೇಕಾದದ್ದಕ್ಕಿಂತ ಹೆಚ್ಚು ಉಸಿರು ಸುರಿಯುತ್ತಿದ್ದೇನೆ ಎಂದು ನಟರಾಜುವಿಗೆ ಅನಿಸಿತು. ಹಾಸನದ ಬಸ್ ನಿಲ್ದಾಣದ ಈ ಗಾಜಿನ ಗೂಡಿನಲ್ಲಿ ಕುಳಿತು ಹದಿನಾಲ್ಕು ವರ್ಷದಿಂದ ಅವನು ಮಾಡುತ್ತ ಬಂದದ್ದು ಇದನ್ನೇ. ಹೊಳೆನರಸೀಪುರಕ್ಕೆ ಹೋಗುವ ವಾಹನ, ಹಿರೀಸಾವೆ ಮಾರ್ಗವಾಗಿ ಹೊರಡುವ ವಾಹನ. ವಾಕ್ಯಕ್ಕೆ ಮೂರು ನಾಲ್ಕು ಹಕಾರ. ಕೆಳಗೆ ಬೆಂಚುಗಳ ಮೇಲೆ ಕುಳಿತವರೆಲ್ಲ ಆಸ್ನದಿಂದ ಒಳೇನರ್ಸೀಪ್ರಕ್ಕೆ ಓಗುವವರು. ಅವರ ತಲೆಯ ಮೇಲೆ ತೂಗುವ ಸ್ಪೀಕರುಗಳು ಮಾತ್ರ ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುತ್ತಿದ್ದವು. ಎರಡರ ನಡುವೆ ಇದ್ದದ್ದು ಬರಿಯ ಒಂದು ಉಸಿರು. ಆ ಉಸಿರಿನ ಮೇಲೆಯೇ ಅವನ ಸಂಬಳ, ಅವನ ಮಾನ. ಮೇಜಿನ ಸೆಳೆಖಾನೆ ಎಳೆದು ಫೋನು ನೋಡಿದ. ಆಟದ ಪರದೆಯಲ್ಲಿ ಧನಲಕ್ಷ್ಮಿ ಎಂಬ ಹೆಸರಿನ ಪಕ್ಕ ಬೂದು ಚುಕ್ಕೆ. ಕೊನೆಯ ಬಾರಿ ಬಂದದ್ದು ಹತ್ತೊಂಬತ್ತು ದಿನಗಳ ಹಿಂದೆ. ನಿನ್ನೆ ಹದಿನೆಂಟು ಎಂದಿತ್ತು. ನಾಳೆ ಇಪ್ಪತ್ತು ಎನ್ನುತ್ತದೆ. ಆಟಕ್ಕೆ ನಾಚಿಕೆ ಇಲ್ಲ, ಎಣಿಸುತ್ತಲೇ ಇರುತ್ತದೆ.

ಅವನೇನೂ ದೊಡ್ಡ ಆಟಗಾರನಲ್ಲ. ಚನ್ನರಾಯಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೌರೀಶ, ಫೋನಿಗೆ ಗಾಜು ಹಾಕಿಸಲು ಹೋದಾಗ, “ತಗೊಳ್ಳಿ ಸಾ, ಟೈಂಪಾಸಿಗೆ” ಎಂದು ತಾನೇ ಆ ಆಟ ಇಳಿಸಿಕೊಟ್ಟಿದ್ದ. ಕೋಟೆ, ಕತ್ತಲ ನೆಲಮಾಳಿಗೆ, ಅದರೊಳಗೆ ಕಲ್ಲಿನ ದೈತ್ಯ. ಎಂಟು ಜನ ತಮ್ಮ ತಮ್ಮ ಮನೆಯಿಂದ, ತಮ್ಮ ತಮ್ಮ ಫೋನಿನಲ್ಲಿ ಒಂದುಗೂಡಿ ಅದನ್ನು ಕೊಲ್ಲಬೇಕು. ಒಬ್ಬರಿಗೊಬ್ಬರು ಮಾತು ಕೇಳಿಸುತ್ತದೆ. ಗುಂಪಿಗೆ ಗೌರೀಶ ಇಟ್ಟ ಹೆಸರು ‘ಹಾಸನದ ಹುಲಿಗಳು’. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ನಟರಾಜು ಆಡುವುದಕ್ಕಿಂತ ಮಾತಾಡುವುದೇ ಹೆಚ್ಚು. ಕಬ್ಬಿಣದ ಅಂಗಿ ತೊಟ್ಟ ಅವನ ಯೋಧ ಪ್ರತಿ ಯುದ್ಧದಲ್ಲೂ ಮೊದಲು ಮುಗ್ಗರಿಸುವವನು. ಆದರೆ ಅವನು ಬಾಯಿ ತೆರೆದರೆ ಉಳಿದವರು ಸುಮ್ಮನಾಗುತ್ತಿದ್ದರು. ಅಂಥ ತೊಳೆದ ಕನ್ನಡ ಕೇಳಿ ಹೊಳೆನರಸೀಪುರದ ಕಡೆಯ ಕಾಲೇಜು ಮೇಷ್ಟ್ರಿರಬೇಕು ಎಂದು ಯಾರೋ ಅಂದರು. ಅವನು ಅಲ್ಲ ಎನ್ನಲಿಲ್ಲ. ಅಲ್ಲ ಎನ್ನದಿರುವುದು ಸುಳ್ಳಾಗುವುದು ಎಷ್ಟನೆಯ ವಾರದಿಂದ ಎಂದು ಅವನು ಆಮೇಲೆ ಲೆಕ್ಕ ಹಾಕಿದ್ದುಂಟು. ಅಂದಿನಿಂದ ಅವನು ಮೇಷ್ಟ್ರು. ದೈತ್ಯರ ಹೆಸರುಗಳನ್ನು ಬಸ್ಸಿನ ಹೆಸರುಗಳಂತೆ ಕೂಗುವುದು, ಮಂತ್ರಿಯ ಹಾಗೆ, ಟಿವಿಯ ಜ್ಯೋತಿಷಿಯ ಹಾಗೆ ಮಾತಾಡಿ ನಗಿಸುವುದು: ಕತ್ತಿ ಹಿಡಿಯಲು ಬಾರದವನಿಗೆ ಆ ಕೋಟೆಯಲ್ಲಿ ಇದ್ದ ಉದ್ಯೋಗ ಇಷ್ಟೇ.

ಧನಲಕ್ಷ್ಮಿಗೆ ಇದ್ದ ಉದ್ಯೋಗ ಬೇರೆ. ಗುಂಪಿನಲ್ಲಿ ಗಾಯಗೊಂಡವರಿಗೆ ಜೀವ ತುಂಬುವವರನ್ನು ಹೀಲರ್ ಎನ್ನುತ್ತಾರೆ. ಯಾರ ತಲೆಯ ಮೇಲಿನ ಕೆಂಪು ಪಟ್ಟಿ ಕರಗುತ್ತ ಬರುತ್ತದೋ ಅವರ ಕಡೆಗೆ ಹೀಲರ್ ಕೈ ಎತ್ತಿದರೆ ಹಸಿರು ಅಂಕಿಯೊಂದು ಹಾರಿ ಪಟ್ಟಿ ಮತ್ತೆ ತುಂಬುತ್ತದೆ. ಅವಳು ಗುಂಪಿನ ಹೀಲರ್. ಅವಳ ಬಾಯಲ್ಲಿ ಈಲರ್. ಅರಕಲಗೂಡಿನ ಹತ್ತಿರದ ಯಾವುದೋ ಹಳ್ಳಿಯ ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ. ಸಂಜೆಯ ಹಾಲು ಬರುವ ಹೊತ್ತಿಗೆ ಅಲ್ಲಿರಬೇಕಾದ್ದರಿಂದ ಎಂಥ ದೈತ್ಯನಿದ್ದರೂ ನಾಲ್ಕೂವರೆಯೊಳಗೆ ಸಾಯಲೇಬೇಕಿತ್ತು. “ಮೇಷ್ಟ್ರೆ, ಯಾಕಂಗ್ ಮುನ್ನುಗ್ತೀರಾ? ನನ್ ಇಂದೆ ಬನ್ನಿ, ಈಲ್ ಆಕ್ತೀನಿ!” ಎಂದು ಅವಳು ಕೂಗುತ್ತಿದ್ದಳು. ಅವಳ ಹಿಂದೆ ಹೋದಾಗಲೆಲ್ಲ ಅವನು ಬದುಕಿದ್ದಾನೆ. ಹೋಗದೆ ಸತ್ತಾಗ ಅವಳೇ ಬಂದು ಎಬ್ಬಿಸಿದ್ದಾಳೆ. ಗುಂಪಿನ ಹೆಸರು ಅವಳ ಬಾಯಲ್ಲಿ ‘ಆಸ್ನದ್ ಉಲಿಗಳು’ ಆಗುತ್ತಿತ್ತು. ಉಲಿ ಎಂದರೆ ಸದ್ದು, ನುಡಿ. ಹುಲಿಗಳಲ್ಲ, ಬರೀ ಬಾಯಿ, ಅವಳು ಹೇಳುವುದೇ ಸರಿ ಎಂದು ಮನಸ್ಸಿನಲ್ಲೇ ಚಮತ್ಕಾರ ಮಾಡಿಕೊಂಡು ಅವನು ನಕ್ಕಿದ್ದ. ಆಮೇಲೆ ಆ ನಗೆಯನ್ನು ಒಳಗೇ ಇಟ್ಟುಕೊಳ್ಳಲಾಗಲಿಲ್ಲ. ಅವನ ರೋಗವೇ ಅದು.

ಆ ಭಾನುವಾರ ದೈತ್ಯ ಬೇಗ ಸತ್ತಿದ್ದ. “ಆಲಿನ್ ಟೈಮಾಯ್ತು, ಬತ್ತೀನಿ” ಎಂದು ಅವಳು ಅಂದಳು. ಅವಳ ಬಿಳಿ ನಿಲುವಂಗಿಯ ಬೊಂಬೆ ಕೋಟೆಯ ಬಾವಿಯ ಪಕ್ಕ ನಿಂತೇ ಇತ್ತು. ಫೋನು ಬಿಟ್ಟು ಹೋಗಿದ್ದಾಳೆಂದು ಎಲ್ಲರೂ ತಿಳಿದರು. “ಮೇಷ್ಟ್ರೆ, ಒಂದ್ಸಲ ನಮ್ ಈಲರಮ್ಮನ್ನ ಮಾಡ್ರಿ!” ಎಂದ ಗೌರೀಶ. ಬೇಡ ಎನ್ನಲು ಅರ್ಧ ನಿಮಿಷ ಇತ್ತು. ಆ ಅರ್ಧ ನಿಮಿಷದಲ್ಲಿ ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಅವನ ಬಾಯಲ್ಲಿ ಅವಳು ಬಂದಳು: ಅವಳ ಎಳೆತ, ಮಾತಿನ ಕೊನೆಗೆ ಬೀಳುವ ಉಸಿರು, ಎಲ್ಲ. “ನನ್ ಇಂದೆ ಬನ್ನೀ, ಈಲ್ ಆಕ್ತೀನೀ, ಲೀಟ್ರಿಗೆಷ್ಟ್ ಈಲ್ ಬೇಕ್ ಸಾ? ನಿಮ್ ರಕ್ತ್ದಾಗೆ ಫ್ಯಾಟೇ ಇಲ್ವಲ್ಲಾ, ಎಮ್ಮೆ ಈಲ್ ಆಕ್ಲಾ, ಅಸಾ ಈಲ್ ಆಕ್ಲಾ?” ಆರು ಜನರ ನಗು ಕಿವಿಯೊಳಗೆ ಒಡೆಯಿತು. ಹಿರೀಸಾವೆಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಸಿದ್ದೇಶ ನಗುತ್ತ ಕೆಮ್ಮಿ, “ಅಯ್ಯೋ ಸಾಕ್ ಸಾ, ಗಿರಾಕಿ ನೋಡ್ತಾವ್ರೆ” ಎಂದ. ನಟರಾಜು ನಿಲ್ಲಿಸಲಿಲ್ಲ. ಯಾವಾಗಲೂ ಹೀಗೇ: ನಗು ಶುರುವಾದ ಮೇಲೆ ತಾನು ಎಂಬುದು ಮೆಲ್ಲಗೆ ಕರಗಿಹೋಗಿ, ಬರೀ ದನಿಯಾಗಿ ಉಳಿಯುವ ಆ ಸುಖ. ಆಗ ಬಾವಿಯ ಪಕ್ಕದ ಬೊಂಬೆಯ ತಲೆಯ ಮೇಲೆ ಮೈಕಿನ ಸಣ್ಣ ದೀಪ ಹೊತ್ತಿತು. ಹಾಲಿನ ಕ್ಯಾನು ನೆಲಕ್ಕಿಟ್ಟ ಸದ್ದು. ಯಾರೋ “ಅಕ್ಕಾ, ನಂದ್ ನೋಡ್ಬುಡು” ಎಂದದ್ದು. ಆಮೇಲೆ ಅವಳು, ಸಾವಕಾಶವಾಗಿ: “ಚೆನ್ನಾಗ್ ಮಾಡ್ತೀರಾ, ಮೇಷ್ಟ್ರೆ.” ಬೊಂಬೆ ಅವನ ಕಡೆ ತಿರುಗಿ ಕೈ ಎತ್ತಿತು. ಅವನ ಪಟ್ಟಿ ತುಂಬಿಯೇ ಇತ್ತು, ಗಾಯವಿರಲಿಲ್ಲ. ತಲೆಯ ಮೇಲೆ ಹಸಿರು ಬಣ್ಣದ ಸೊನ್ನೆಯೊಂದು ಹಾರಿ ಕರಗಿತು. ಅವಳು ಮಾಯವಾದಳು. “ಛೇ, ಕೇಳಿಸ್ಕೊಂಬುಟ್ಳಲ್ಲ,” ಎಂದ ಗೌರೀಶ, ಮತ್ತೂ ನಗುತ್ತಲೇ.

ಆ ಸೊನ್ನೆ ಬಯ್ಗುಳವೋ ಹರಕೆಯೋ ಅವನಿಗೆ ಗೊತ್ತಾಗಿಲ್ಲ. ಊಟದ ಬಿಡುವಿನಲ್ಲಿ ಆಟ ತೆರೆದು, ಯಾರೂ ಇಲ್ಲದ ಕೋಟೆಯಲ್ಲಿ, ಬಾವಿಯ ಪಕ್ಕ ತನ್ನ ಕಬ್ಬಿಣದ ಯೋಧನನ್ನು ನಿಲ್ಲಿಸಿ ಕಾಯುತ್ತಾನೆ. ಕ್ಷಮಿಸಿ ಎಂದು ಬರೆದು ಅಳಿಸುತ್ತಾನೆ. ಬರೆಯುವುದರಲ್ಲಿ ದನಿ ಇರುವುದಿಲ್ಲ. ಯಾರ ದನಿಯಲ್ಲಿ ಕ್ಷಮೆ ಕೇಳುವುದು ಎನ್ನುವುದು ಬರವಣಿಗೆಯಲ್ಲಾದರೂ ತಪ್ಪೀತು ಎಂದುಕೊಂಡರೆ, ‘ಕ್ಷಮಿಸಿ’ ಎಂಬ ಆ ಪದವೇ ನುಣ್ಣಗೆ ಕ್ಷೌರ ಮಾಡಿಸಿಕೊಂಡು ಬಂದ ಮೇಷ್ಟ್ರಂತೆ ಕಾಣುತ್ತದೆ. ಮಲ್ಲಿಪಟ್ಟಣದ ಶಾಲೆಯಲ್ಲಿ ಪಂಚಾಕ್ಷರಯ್ಯ ಮೇಷ್ಟ್ರು ಅವನ ತುಟಿಯ ಮುಂದೆ ಕಾಗದದ ಚೂರು ಹಿಡಿದು, “ಹ ಅಂದ್ರೆ ಇದು ಅಲ್ಲಾಡ್ಬೇಕು” ಎನ್ನುತ್ತಿದ್ದರು. ಹಕ್ಕಿಯನ್ನು ಅಕ್ಕಿ ಎಂದು ಓದಿದರೆ ಬೆರಳ ಗಂಟಿಗೆ ಸ್ಕೇಲು. ಮನೆಗೆ ಹೋಗಿ ಕನ್ನಡಿಯ ಮುಂದೆ ರಾತ್ರಿಯೆಲ್ಲ ಉಸಿರು ಹಾಕಿ ಹಾಕಿ ಮಾರನೆಯ ದಿನ ಎದ್ದು ನಿಂತು, ‘ಅಮ್ಮ ಅಕ್ಕಿ ಆರಿಸಿದಳು’ ಎಂದಿದ್ದ ಪಾಠವನ್ನು, ಎಲ್ಲೂ ಕಡಿಮೆ ಬೀಳಬಾರದೆಂದು, “ಹಮ್ಮ ಹಕ್ಕಿ ಹಾರಿಸಿದಳು” ಎಂದು ಓದಿದ್ದ. ಕಾಗದ ಚೆನ್ನಾಗಿಯೇ ಅಲ್ಲಾಡಿತು. ತರಗತಿ ಬಿದ್ದು ಬಿದ್ದು ನಕ್ಕಿತು. ಆ ದಿನವೇ ಇರಬೇಕು, ನಗಿಸಿದರೆ ನಗೆಪಾಟಲಾಗುವುದು ತಪ್ಪುತ್ತದೆ ಎಂಬುದು ಅವನಿಗೆ ಹೊಳೆದದ್ದು. ಮಾರನೆಯ ವಾರ ಅವನು ಪಂಚಾಕ್ಷರಯ್ಯನವರನ್ನೇ ಮಾಡಿ ತೋರಿಸಿದ. ಮೂರನೆಯ ವಾರ ಅವರನ್ನು ಬಿಟ್ಟು ಅವ್ವನನ್ನು. ಮುಂದೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅವ್ವ ಮುದ್ದಮ್ಮ ಹೊಸ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳನ್ನೇ ಅಣಕಿಸಿ ಅವನು ಆಡಿದ ‘ಆಸ್ನಕ್ ಓಗೋ ಬಸ್ಸು’ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಹೊರಗೆ ಬೇವಿನ ಮರದ ಕೆಳಗೆ ಕೇಳಿದಳು: “ಆ ಎಂಗ್ಸು ಯಾವೂರೋಳ್ಲಾ ಮಗಾ? ನಮ್ಮೋಳಂಗೇ ಮಾತಾಡ್ತಾಳಲ್ಲಾ.” ಅವಳಿಗೆ ನಿಜವಾಗಿ ಗೊತ್ತಾಗಿರಲಿಲ್ಲವೇ? ಇವತ್ತಿಗೂ ಒಂದೇ ಮನೆಯಲ್ಲಿ, ಒಂದೇ ತಟ್ಟೆಗೂಡಿನಿಂದ ತಟ್ಟೆ ತೆಗೆದುಕೊಂಡು ಉಣ್ಣುತ್ತ, ಅವನು ಅದನ್ನು ಕೇಳಿಲ್ಲ.

“ಸಾರ್.”

ಗಾಜಿಗೆ ಕೊರೆದ ರಂಧ್ರಗಳ ಆಚೆ ಯಾರೋ ಹೆಂಗಸು. ಮೂವತ್ತರ ಆಸುಪಾಸು, ಎದೆಗವಚಿಕೊಂಡ ರಟ್ಟಿನ ಡಬ್ಬ, ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಗಾಜು’ ಎಂದು. “ಅರಕಲಗೂಡು ಬಸ್ಸು…” ಎಂದವಳು ನಿಂತಳು. ಕೊಚ್ಚೆ ದಾಟುವವರು ಸೀರೆ ನಿರಿಗೆ ಎತ್ತಿಕೊಳ್ಳುವಂತೆ ಒಂದು ಕ್ಷಣ ತಡೆದು, “ಹೊ… ಹೊರಟೋಯ್ತಾ ಸಾರ್?” ಎಂದಳು. ಹಕಾರ ಬಂತು, ಕಷ್ಟಪಟ್ಟು ಬಂತು. ಆ ತಡೆಯನ್ನು ಅವನು ಹಿಂದೆ ಕೇಳಿರಲಿಲ್ಲ, ಆದರೆ ಅದರ ಎರಡೂ ದಡದ ದನಿಯನ್ನು ಅವನು ತಿಂಗಳುಗಟ್ಟಲೆ ಕೇಳಿದ್ದ, ಬಾಯಿಪಾಠ ಮಾಡಿದ್ದ, ಆರು ಜನರಿಗೆ ಮಾರಿದ್ದ. ಬಾಯಿ ತೆರೆದರೆ ಮೇಷ್ಟ್ರು ಹೊರಬೀಳುತ್ತಾರೆ. ಬೇರೆ ದನಿ ಬೇಕು, ಈಗಲೇ. ಮಂತ್ರಿ, ಜ್ಯೋತಿಷಿ, ನೂರು ದನಿಗಳಿದ್ದ ಗಂಟಲಲ್ಲಿ ತಡಕಿದ. ಕೈಗೆ ಸಿಕ್ಕಿದ್ದು ಒಂದೇ.

“ಇಲ್ಲ ಕಣಮ್ಮ, ಅನ್ನೊಂದೂ ಇಪ್ಪತ್ಕೆ ಐತೆ. ನಾಕ್ನೇ ಅಂಕಣದಾಗ್ ಕೂತ್ಕಳಿ.”

ಅವಳ ಹೆಗಲು ಸಡಿಲವಾದದ್ದು ಗಾಜಿನ ಆಚೆಯಿಂದಲೂ ಕಂಡಿತು. “ಯಾವೂರ್ ಸಾ ನಿಮ್ದು? ನಮ್ ಕಡೇರಂಗೆ ಮಾತಾಡ್ತೀರಾ.”

“ಮಲ್ಲಿಪಟ್ನ.” ಬೆಳಗಿನಿಂದ ಅವನು ಆಡಿದ ಮೊದಲ ನಿಜ.

“ಅಂಗನ್ನಿ! ಅಂಗಾರೆ ನಮ್ಮೋರೇ ಆದ್ರಿ.” ಡಬ್ಬವನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ಕತ್ತು ಒರೆಸಿಕೊಂಡಳು. “ಡೇರಿಗೆ ಗಾಜಿನ್ ನಳಿಗೆ ತಕೊಂಡೋಯ್ತಾ ಇವ್ನಿ ಸಾ. ಬಸ್ನಾಗೆ ನಿಂತ್ರೆ ಒಡ್ದೋಯ್ತವೆ, ಸೀಟು ಸಿಕ್ಕದ್ರೆ ಸಾಕು. ಮೈಕಲ್ಲಿ ಕೂಗೋರು ನೀವೇನಾ?”

“ಅಲ್ಲ. ಅವ್ರು ಬ್ಯಾರೆ. ಟೀ ಕುಡ್ಯಕ್ ಓಗವ್ರೆ.”

“ಬೋ ಚೆಂದದ ದನಿ ಆ ಸಾರ್ದು. ನಂಗ್ ಗೊತ್ತಿರೋ ಮೇಷ್ಟ್ರೊಬ್ರು ಇಂಗೇ ಮಾತಾಡ್ತಾರೆ. ಫೋನ್ನಾಗೆ ಒಂದ್ ಆಟ ಐತೆ ಸಾ, ಅದ್ರಲ್ಲಿ. ಈಗ್ ನಾನ್ ಬುಟ್ಬುಟ್ಟೆ.”

ಕೇಳಬಾರದಿತ್ತು. “ಯಾಕಮ್ಮ?”

“ಏ, ಬುಡಿ ಸಾ.” ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. “ಮಾತಾಡಕ್ಕೇ ಒಂಥರಾ ಆಗೈತೆ. ಡೇರೀಲಿ ಆಲು ಅನ್ನೋಕ್ ಮುಂಚೆ ನಾಲ್ಗೆ ಕಚ್ಕತೀನಿ. ಮೊನ್ನೆ ಸೊಸೈಟೀಲಿ ಏನಂದೆ ಗೊತ್ತಾ? ಅತ್ತು ಕೇಜಿ ಅಕ್ಕಿ ಕೊಡಿ ಅನ್ನಕ್ಕೋಗಿ, ಹತ್ತು ಕೇಜಿ ಹಕ್ಕಿ ಕೊಡಿ ಅಂದ್ಬುಟ್ಟೆ! ಸಾಲ್ನಾಗಿದ್ದೋರೆಲ್ಲಾ ಬಿದ್ ಬಿದ್ ನಕ್ರು. ನಮ್ ಅತ್ತೆ ಒಬ್ರೇ ನಗ್ನಿಲ್ಲ. ಏನಾಗೈತವ್ವ ನಿನ್ ಬಾಯ್ಗೆ ಅಂದ್ರು.”

ನಗಬೇಕಾದ ಕಡೆ ಅವನು ನಕ್ಕ. ನಗು ಯಾರದ್ದೆಂದು ಗೊತ್ತಾಗಲಿಲ್ಲ. ಹಮ್ಮ ಹಕ್ಕಿ ಹಾರಿಸಿದಳು ಎಂದು ಈಗ ಹೇಳಿಬಿಡಬೇಕು. ನಂಗೂ ಇಂಗೇ ಆಗಿತ್ತು ಕಣಮ್ಮ ಎನ್ನಬೇಕು. ಎಂಟು ವರ್ಷದ ತನ್ನ ತುಟಿಯ ಮುಂದೆ ಹಿಡಿದ ಕಾಗದದ ಚೂರನ್ನು ತಾನು ಅವಳ ತುಟಿಯ ಮುಂದೆ ಹಿಡಿದೆ ಎನ್ನಬೇಕು. ಅದಕ್ಕೆ ಈ ಹೊತ್ತು ಸರಿಯಾಗಿತ್ತು, ಈ ದನಿಯೂ ಸರಿಯಾಗಿತ್ತು, ಆದರೆ ಈ ದನಿಯನ್ನು ಅವನು ಬಚ್ಚಿಟ್ಟುಕೊಳ್ಳಲು ತಂದಿದ್ದ. ಹುಟ್ಟಿದ ಮಾತು ವೇಷವಾಗಿ ಮೈಗೆ ಹತ್ತಿದ ಮೇಲೆ ಅದರೊಳಗಿಂದ ನಿಜ ಹೇಳುವುದು ಹೇಗೆ? “ಸರಿ ಓಗ್ಬನ್ನಿ ಸಾ ಅಂಗಾರೆ,” ಎಂದು, ಹೋಗುವವಳು ತಾನೇ ಆದರೂ ಅವನಿಗೇ ಹೇಳಿ, ಅವಳು ಡಬ್ಬ ಎತ್ತಿಕೊಂಡು ನಾಲ್ಕನೇ ಅಂಕಣದ ಬೆಂಚಿಗೆ ಹೋಗಿ, ಮಗುವನ್ನು ಇಟ್ಟುಕೊಂಡಂತೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಸ್ಪೀಕರು ಅವಳ ನೆತ್ತಿಯ ಮೇಲೇ ಇತ್ತು.

ಹನ್ನೊಂದೂ ಕಾಲಿಗೆ ಬಸ್ಸುಗಳ ಲೆಕ್ಕ ಬರೆಯುವ ಶಾಂತರಾಜು ಬಾಗಿಲಲ್ಲಿ ತಲೆ ಹಾಕಿದ. “ನಟ್ರಾಜ, ನಾಕ್ರ ಮುಂದೆ ಯಾವನೋ ಕಾರ್ ತಂದ್ ನಿಲ್ಸವ್ನೆ. ಅರ್ಕಲ್ಗೂಡ್ ಗಾಡಿ ಒಂಬತ್ರಲ್ ನಿಂತದೆ. ಕೂಗ್ಬುಡು, ಐದ್ ನಿಮಿಷಕ್ ಬುಡ್ತಾನೆ.”

“ನೀನೇ ಒಂದ್ಸಲ ಕೂಗು ಮಾರಾಯ.”

“ನನ್ ಗಂಟ್ಲು ಕೇಳುದ್ರೆ ಬಸ್ಸೇ ಎದ್ರುಕೊಂಡ್ ಓಡೋಯ್ತದೆ. ಕೂಗ್ಲಾ!”

ಬೆರಳು ಗುಂಡಿಯ ಮೇಲೆ ಹೋಯಿತು, ಒತ್ತಲಿಲ್ಲ. ಟೀ ಕುಡಿಯಲು ಹೋದ ಸಾರ್ ಬಂದರೆಂದು ಅವಳು ತಿಳಿಯಬಹುದು; ಆದರೆ ತಿರುಗಿ ನೋಡಿದರೆ ಗಾಜಿನೊಳಗೆ ಒಬ್ಬನೇ ಇದ್ದಾನೆ. ಮಲ್ಲಿಪಟ್ಟಣದವನ ದನಿಯಲ್ಲಿ ಕೂಗಿದರೆ ಇಡೀ ನಿಲ್ದಾಣ ನಗುತ್ತದೆ. ಕೂಗದಿದ್ದರೆ ಅವಳಿಗೆ ಬಸ್ಸು ತಪ್ಪುತ್ತದೆ. ಮುಂದಿನದರಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕೈಯಲ್ಲಿ ಗಾಜು. ಅವನು ಎದ್ದ. ಶಾಂತರಾಜು “ಎಲ್ಲಿಗ್ಲಾ?” ಎನ್ನುತ್ತಿದ್ದಂತೆ ಮೆಟ್ಟಿಲಿಳಿದು, ಜನರ ನಡುವೆ ನುಸುಳಿ ಅವಳ ಬೆಂಚಿನ ಹತ್ತಿರ ಹೋದ. ಉಳಿದ ಅರಕಲಗೂಡಿನವರು ಅಲ್ಲೇ ಕೂತಿದ್ದರು. ಅವರು ಅವನ ಕಣ್ಣಿಗೆ ಬೀಳಲಿಲ್ಲ. “ಅಮ್ಮ, ಬಸ್ಸು ಆ ಕಡೀಕ್ ನಿಂತದೆ. ಕೊಡಿ ಇಲ್ಲಿ.” ಡಬ್ಬ ಈಸಿಕೊಂಡ. ಅವಳು ಗಾಬರಿಯಿಂದ ಎದ್ದಳು. ಒಳ್ಳೆಯದೊಂದನ್ನು ಮಾಡುತ್ತಿರುವ ಹಗುರ ಅವನ ಕಾಲಿಗೆ ಬಂತು. ಹತ್ತೊಂಬತ್ತು ದಿನಗಳಲ್ಲಿ ಮೊದಲ ಸಲ ಅವನು ತನ್ನ ಮೇಲಿನ ಕಾವಲು ಬಿಟ್ಟ. ಜನ ಅಡ್ಡ ಬಂದಾಗ, ಹಿಂದಕ್ಕೆ ತಿರುಗಿ, ಕೈ ಬೀಸಿ ಕರೆದ:

“ನನ್ ಇಂದೆ ಬನ್ನಿ!”

ಅದೇ ಎಳೆತ. ಕೊನೆಗೆ ಬೀಳುವ ಅದೇ ಉಸಿರು. ಅವನು ಮಾಡಿದ್ದಲ್ಲ, ತಾನಾಗಿ ಬಂದದ್ದು. ಇಷ್ಟು ದಿನ ಗಂಟಲಲ್ಲಿ ಕುಳಿತಿದ್ದ ಅವಳೇ ಎದ್ದು ಬಂದಿದ್ದಳು.

ಅವಳು ನಿಂತಳು. ಅವನ ಮುಖವನ್ನು, ಕತ್ತಿಗೆ ತೂಗಿದ ಗುರುತಿನ ಚೀಟಿಯನ್ನು, ಆಚೆ ಖಾಲಿಯಾಗಿದ್ದ ಗಾಜಿನ ಗೂಡನ್ನು, ಸ್ಪೀಕರನ್ನು, ಒಂದಾದ ಮೇಲೊಂದು ನೋಡಿದಳು. ಹಾಲಿನ ನಳಿಗೆಯಲ್ಲಿ ಕೆನೆ ಮೇಲೇಳುವುದನ್ನು ಕಾಯುವವಳ ತಾಳ್ಮೆಯಿಂದ. ಬಸ್ಸಿನ ಬಾಗಿಲವರೆಗೂ ಅವನ ಹಿಂದೆಯೇ ನಡೆದಳು. ಅಲ್ಲಿ ಅವನ ಕೈಯಿಂದ ಡಬ್ಬ ತೆಗೆದುಕೊಂಡು, ಒಂದೊಂದು ಅಕ್ಷರವನ್ನೂ ಅದರ ಜಾಗದಲ್ಲಿಟ್ಟು ಹೇಳಿದಳು: “ಮೈಕಲ್ಲೇ ಹೇಳ್ಬಹುದಿತ್ತಲ್ಲ, ಮೇಷ್ಟ್ರೇ.” ಎಲ್ಲ ಹಕಾರಗಳೂ ಇದ್ದವು. ಕಾಗದ ಹಿಡಿದಿದ್ದರೆ ಅಲ್ಲಾಡುತ್ತಿತ್ತು. “ನಮ್ಮೋರು ಅಂದ್ಕೊಂಡಿದ್ದೆ,” ಎಂದು ಹತ್ತಿ ಹೋದಳು.

ನಾನು ನಿಮ್ಮೋನೇ ಎಂದು ಯಾವ ದನಿಯಲ್ಲಿ ಹೇಳಬೇಕಿತ್ತು? ಗೂಡಿಗೆ ಹಿಂದಿರುಗಿದಾಗ ಶಾಂತರಾಜು ಸಿಡಿಮಿಡಿಗೊಂಡಿದ್ದ. “ಒಬ್ಬಳ್ನ ಕರ್ಕೊಂಡೋದ್ರೆ ಆಯ್ತೇನ್ಲಾ? ಅಲ್ಲಿ ಇಪ್ಪತ್ ಜನ ನಾಕ್ರಲ್ಲೇ ಕೂತವ್ರೆ!” ನಟರಾಜು ಗುಂಡಿ ಒತ್ತಿದ. ಅವನು ಯಾವ ದನಿಯನ್ನೂ ಆರಿಸಿಕೊಳ್ಳಲಿಲ್ಲ. ಹದಿನಾಲ್ಕು ವರ್ಷದಿಂದ ತಪ್ಪದೆ ಬರುತ್ತಿದ್ದ ಆ ಉಸಿರಿಗೆ ಬಾಯಿ ತೆರೆದ, ಉಸಿರು ಬರಲಿಲ್ಲ. “ಪ್ರಯಾಣಿಕರ ಗಮನಕ್ಕೆ. ಅರಕಲಗೂಡಿಗೆ ಓಗುವ ವಾನ ಅಂಕಣ ಒಂಬತ್ತರಲ್ಲಿ… ಒರಡಲು ಸಿದ್ಧವಾಗಿದೆ.” ಹದಿನಾರು ಸ್ಪೀಕರುಗಳಲ್ಲಿ ಅದು ಹೋಯಿತು. ಇಪ್ಪತ್ತು ಜನ ಗಂಟು ಎತ್ತಿಕೊಂಡು ಒಂಬತ್ತರ ಕಡೆ ನಡೆದರು. ಅವರಿಗೆ ಏನೂ ವಿಚಿತ್ರ ಕೇಳಿಸಿರಲಿಲ್ಲ. ಶಾಂತರಾಜು ಮಾತ್ರ ಅವನನ್ನೇ ನೋಡುತ್ತಿದ್ದ. ಅರಕಲಗೂಡಿನ ಬಸ್ಸಿನ ಮೂರನೆಯ ಕಿಟಕಿಯಲ್ಲಿ ಅವಳಿದ್ದಳು. ಕೇಳಿಸಿತ್ತು. ಕೇಳಿಸಿದ್ದನ್ನು ಅವಳು ಏನೆಂದು ತಿಳಿಯುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ: ಮತ್ತೆ ಶುರುಮಾಡಿದ, ಈ ಸಲ ಇಡೀ ಆಸ್ನಕ್ಕೆ ಕೇಳಿಸುವ ಹಾಗೆ. ಅವಳು ಕೈ ಎತ್ತಿದಳು. ಕಿಟಕಿಯ ಗಾಜನ್ನು ಎಳೆದುಕೊಳ್ಳಲು. ಯಾವ ಅಂಕಿಯೂ ಹಾರಲಿಲ್ಲ, ಸೊನ್ನೆ ಕೂಡ.

ಬಸ್ಸು ತಿರುಗಿ ಗೇಟು ದಾಟುತ್ತಿರುವಾಗ ಕೆಳಗೆ ಆರನೇ ಅಂಕಣದಲ್ಲಿ ಕಾಲೇಜು ಹುಡುಗಿಯರ ಗುಂಪೊಂದು ಗೊಳ್ಳೆಂದಿತು. ಅದರಲ್ಲೊಬ್ಬಳು ನೀರಿನ ಬಾಟಲಿಯನ್ನು ಮೈಕಿನಂತೆ ಬಾಯಿಗೆ ಹಿಡಿದು, ಗಂಟಲನ್ನು ಗಂಡಸಿನದು ಮಾಡಿಕೊಂಡು, ನಡುವೆ ಅವನು ತಡೆದ ಕಡೆಯಲ್ಲೇ ತಡೆದು, “ಓಗುವ ವಾನ… ಒರಡಲು ಸಿದ್ಧವಾಗಿದೇ” ಎಂದು ಕೂಗಿದಳು. ನಟರಾಜು ಗಾಜಿಗೆ ಕಿವಿ ಹತ್ತಿರ ಮಾಡಿದ. ಇನ್ನೊಂದು ಸಲ ಹೇಳಲಿ ಎಂದು ಕಾದ. ಅವಳು ಹೇಳಿದಳು. ತಡೆ, ಎಳೆತ, ಕೊನೆಗೆ ಬೀಳುವ ಉಸಿರು, ಯಾವುದೂ ಬಿಟ್ಟಿರಲಿಲ್ಲ.

ಚೆನ್ನಾಗಿ ಮಾಡುತ್ತಾಳೆ, ಎಂದುಕೊಂಡ.